ಟಿಪ್ಸ್ ಯಾರ ಹಣ, ತೆರಿಗೆ ಯಾರಿಗೆ: ಮುಂಬಯಿ ಹೋಟೆಲಿನವರಿಗೆ ಲೆಕ್ಕದ ದಾರಿ

ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ನಾಲ್ಕು ಮಂದಿ ತಿಂಡಿ ತಿಂದು 465 ರೂಪಾಯಿ ಬಿಲ್ ಆಯಿತೆನ್ನಿ. ಹಿಂದೆ ಗಿರಾಕಿ 500ರ ನೋಟು ಇಡುತ್ತಿದ್ದರು. ಬಡಿಶೇಪಿನ ತಟ್ಟೆಯಲ್ಲಿ 35 ರೂಪಾಯಿ ವಾಪಸು ಬರುತ್ತಿತ್ತು, ಅದರಲ್ಲಿ ಹತ್ತೋ ಇಪ್ಪತ್ತೋ ಅಲ್ಲೇ ಉಳಿಯುತ್ತಿತ್ತು. ಈಗ ಫೋನ್ ತೆಗೆದು ಸರಿಯಾಗಿ 465 ಕಳಿಸಿ ಎದ್ದು ಹೋಗುತ್ತಾರೆ. ಗಿರಾಕಿ ಜಿಪುಣರಾದರು ಎಂದಲ್ಲ, ಚಿಲ್ಲರೆ ಎಂಬುದೇ ಹುಟ್ಟುವುದಿಲ್ಲ. ಇದರ ಮೇಲೆ ಬಿಲ್ಲಿನ ಕೆಳಗೆ ಎರಡು ಮೂರು ಸಾಲು ತೆರಿಗೆ ಕಾಣುತ್ತದೆ. ಅದನ್ನು ನೋಡಿದವರಿಗೆ ‘ಎಲ್ಲ ಕೊಟ್ಟಾಯಿತಲ್ಲ’ ಅನ್ನಿಸುತ್ತದೆ.

ಟಿಪ್ಸ್‌ಗೆ ತೆರಿಗೆ ಹಾಕಬೇಕೇ ಬೇಡವೇ ಎಂಬ ಚರ್ಚೆ ಈಗ ಅಮೆರಿಕದಿಂದ ಇಲ್ಲಿಯವರೆಗೂ ಬಂದಿದೆ. ಮುಂಬಯಿಯ ನಮ್ಮ ಹೋಟೆಲುಗಳ ಮಟ್ಟಿಗೆ ಅದಕ್ಕಿಂತ ಮುಂಚೆ ಇತ್ಯರ್ಥ ಆಗಬೇಕಾದ ಪ್ರಶ್ನೆ ಬೇರೆ: ಆ ಹಣ ಯಾರದು, ಅದು ಯಾವ ಪುಸ್ತಕದಲ್ಲಿ ಕೂರಬೇಕು. ಅಷ್ಟು ಸರಿಯಾದರೆ ತೆರಿಗೆಯ ಭಯ ಬಹುಪಾಲು ನೌಕರರಿಗೆ ಇರಬೇಕಾಗಿಲ್ಲ. ಧಣಿಗಳು, ವೇಟರುಗಳು, ಗಿರಾಕಿಗಳು ಮೂವರಿಗೂ ಬೇಕಾದ ಲೆಕ್ಕ ಇಲ್ಲಿದೆ.

ಮೊದಲು ಬಿಲ್ಲನ್ನು ಓದಿ

ಒಂದೇ ಕಾಗದದ ಮೇಲೆ ಕಾಣುವ ಜಿಎಸ್‌ಟಿ, ಸರ್ವಿಸ್ ಚಾರ್ಜ್, ಟಿಪ್ಸ್ ಈ ಮೂರಕ್ಕೂ ಸಂಬಂಧವಿಲ್ಲ. ಜಿಎಸ್‌ಟಿ ಸರಕಾರದ್ದು. ಸರ್ವಿಸ್ ಚಾರ್ಜ್ ಹೋಟೆಲಿನದು, ಧಣಿ ಅದನ್ನು ಹಂಚಬಹುದು, ಹಂಚದೆಯೂ ಇರಬಹುದು. ಟಿಪ್ಸ್ ಮಾತ್ರ ಗಿರಾಕಿ ತಾನಾಗಿ ನೌಕರನಿಗೆ ಕೊಡುವುದು. ‘ಸರ್ವಿಸ್ ಟ್ಯಾಕ್ಸ್’ ಎಂದು ಈಗಲೂ ಅನೇಕರು ಸರ್ವಿಸ್ ಚಾರ್ಜನ್ನು ಕರೆಯುತ್ತಾರೆ. ಆ ತೆರಿಗೆ 2017ರ ಜುಲೈ 1ಕ್ಕೆ ಜಿಎಸ್‌ಟಿಯಲ್ಲಿ ಕರಗಿ ಹೋಯಿತು.

ಸಾಮಾನ್ಯ ಹೋಟೆಲುಗಳಲ್ಲಿ ಜಿಎಸ್‌ಟಿ ಶೇ. 5, 2017ರ ನವೆಂಬರ್ 15ರಿಂದ ಹೀಗಿದೆ. ರಾತ್ರಿಗೆ 7,500 ರೂಪಾಯಿ ಮೀರಿದ ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲುಗಳೊಳಗಿನ ರೆಸ್ಟೊರೆಂಟಿನಲ್ಲಿ ಶೇ. 18. ಈಗ 1,200 ರೂಪಾಯಿ ಊಟಕ್ಕೆ ಎರಡು ಬಗೆಯ ಬಿಲ್ ಮಾಡಿ ನೋಡಿ. ಮೊದಲನೆಯದರಲ್ಲಿ ಶೇ. 10 ಸರ್ವಿಸ್ ಚಾರ್ಜ್ 120 ಸೇರಿಸಿ, 1,320ರ ಮೇಲೆ ಶೇ. 5 ಅಂದರೆ 66 ರೂಪಾಯಿ ಜಿಎಸ್‌ಟಿ, ಒಟ್ಟು 1,386. ಎರಡನೆಯದರಲ್ಲಿ ಸರ್ವಿಸ್ ಚಾರ್ಜ್ ಇಲ್ಲ. 1,200ಕ್ಕೆ 60 ಜಿಎಸ್‌ಟಿ, 1,260. ಗಿರಾಕಿ 126 ರೂಪಾಯಿ ಟಿಪ್ಸ್ ಇಟ್ಟರೆ ಅದೂ 1,386. ಕಿಸೆಯಿಂದ ಹೋದದ್ದು ಒಂದೇ ಮೊತ್ತ. ಆದರೆ ಮೊದಲನೆಯದರಲ್ಲಿ 6 ರೂಪಾಯಿ ಹೆಚ್ಚಿಗೆ ಸರಕಾರಕ್ಕೆ ಹೋಗಿ, ಉಳಿದ 120 ಧಣಿಯ ಖಾತೆಗೆ ಬೀಳುತ್ತದೆ. ಎರಡನೆಯದರಲ್ಲಿ 126ಕ್ಕೆ 126 ವೇಟರಿಗೆ. ಗಿರಾಕಿ ಸ್ವಇಚ್ಛೆಯಿಂದ ನೌಕರನಿಗೆ ಕೊಟ್ಟದ್ದು ಹೋಟೆಲಿನ ಮಾರಾಟವೇ ಅಲ್ಲವಾದ್ದರಿಂದ ಅದಕ್ಕೆ ಜಿಎಸ್‌ಟಿ ಇಲ್ಲ. ಶೇ. 18ರ ಹೋಟೆಲಿನಲ್ಲಾದರೆ ಅದೇ 120 ರೂಪಾಯಿ ಸರ್ವಿಸ್ ಚಾರ್ಜಿಗೆ ತೆರಿಗೆಯೇ 21 ರೂಪಾಯಿ 60 ಪೈಸೆ.

ಪರ್ಮಿಟ್ ರೂಮಿನ, ಅಂದರೆ ಮದ್ಯ ಬಡಿಸುವ ಹೋಟೆಲಿನ, ಬಿಲ್ಲಿನಲ್ಲಿ ಇನ್ನೊಂದು ತೊಡಕು. ಮದ್ಯ ಜಿಎಸ್‌ಟಿಗೆ ಒಳಪಡುವುದಿಲ್ಲ, ಅದಕ್ಕೆ ಮಹಾರಾಷ್ಟ್ರದ ವ್ಯಾಟ್ ಬೇರೆ. 2023ರ ನವೆಂಬರಿನಲ್ಲಿ ಅದು ಶೇ. 5ರಿಂದ 10ಕ್ಕೆ ಏರಿತು. ಬಿಲ್ ಹಿಗ್ಗಿದಷ್ಟೂ ಕೊನೆಗೆ ಕೊಡುವ ಕೈ ಬಿಗಿಯಾಗುತ್ತದೆ. ಮನಸ್ಸಿನಲ್ಲಿ ‘ಇಷ್ಟೇ ಖರ್ಚು’ ಎಂದು ಇಟ್ಟುಕೊಂಡು ಬಂದವರು ತೆರಿಗೆಯನ್ನು ಕಡಿಮೆ ಮಾಡಲಾರರು, ಟಿಪ್ಸನ್ನು ಕಡಿಮೆ ಮಾಡಬಲ್ಲರು. ತೆರಿಗೆ ನೀತಿ ಟಿಪ್ಸ್ ಮೇಲೆ ಬೀರುವ ದೊಡ್ಡ ಪರಿಣಾಮ ಇದೇ. ಟಿಪ್ಸ್ ಮೇಲೆ ತೆರಿಗೆ ಹಾಕಬೇಕಾಗಿಯೇ ಇಲ್ಲ, ಊಟದ ಮೇಲೆ ಹಾಕಿದರೂ ಮೊದಲು ತಟ್ಟುವುದು ವೇಟರಿಗೆ. ಹಾಗಾಗಿ ಗಿರಾಕಿ ಟಿಪ್ಸ್ ಲೆಕ್ಕ ಹಾಕುವಾಗ ತೆರಿಗೆಗೆ ಮುಂಚಿನ ಮೊತ್ತವನ್ನು ಹಿಡಿಯುವುದು ಸುಲಭದ ರೂಢಿ: ಕೂತು ಉಂಡ ಊಟಕ್ಕೆ ಅದರ ಶೇ. 5ರಿಂದ 10, ತಿಂಡಿ-ಕಾಫಿಗೆ ಹತ್ತಿಪ್ಪತ್ತು ರೂಪಾಯಿ.

ಸರ್ವಿಸ್ ಚಾರ್ಜ್ ಬಿಲ್ಲಿನಲ್ಲಿದ್ದರೆ

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು, ಕೊಡುವುದಿಲ್ಲ ಎಂದವರನ್ನು ಒಳಗೆ ಬಿಡದೆ ಇರಬಾರದು, ಅದನ್ನು ಊಟದ ಮೊತ್ತಕ್ಕೆ ಕೂಡಿಸಿ ಜಿಎಸ್‌ಟಿ ಹಾಕಬಾರದು. ಹೋಟೆಲ್ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋದವು, ಅದೇ ತಿಂಗಳು ತಡೆಯಾಜ್ಞೆ ಸಿಕ್ಕಿತು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿದರು. ವಿಷಯ ಮೇಲ್ಮನವಿಗೆ ಹೋಗಿದೆ.

ಗಿರಾಕಿ ಮಾಡಬೇಕಾದದ್ದು ಸರಳ. ಹಣ ಕೊಡುವ ಮುಂಚೆಯೇ ‘ಸರ್ವಿಸ್ ಚಾರ್ಜ್ ತೆಗೆದು ಹೊಸ ಬಿಲ್ ಕೊಡಿ’ ಎನ್ನಿ. ಪೆನ್ನಿನಲ್ಲಿ ಅಡ್ಡಗೆರೆ ಎಳೆದರೆ ಸಾಲದು, ಜಿಎಸ್‌ಟಿಯೂ ಇಳಿಯಬೇಕು, ಅದಕ್ಕೆ ಹೊಸ ಬಿಲ್ಲೇ ಬೇಕು. ಒಪ್ಪದಿದ್ದರೆ ಬಿಲ್ಲಿನ ಚಿತ್ರ ತೆಗೆದುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ವೇಟರನ ಮೇಲೆ ಸಿಟ್ಟು ಮಾಡಬೇಡಿ, ಆ ಸಾಲನ್ನು ಸಾಫ್ಟ್‌ವೇರಿಗೆ ಹಾಕಿದ್ದು ಅವನಲ್ಲ. ತೆಗೆಸಿದ ಹಣದಲ್ಲಿ ಒಂದು ಪಾಲು ಅವನ ಕೈಗೆ ಕೊಟ್ಟರೆ ನ್ಯಾಯವಾಗುತ್ತದೆ.

ಧಣಿಗಳಿಗೆ ಇಲ್ಲಿ ನೇರವಾಗಿ ಹೇಳಬೇಕಾದ್ದೊಂದಿದೆ. ಸರ್ವಿಸ್ ಚಾರ್ಜ್ ಹಂಚಿಯೇ ನೌಕರರ ಸಂಬಳ ತುಂಬಿಸುತ್ತಿದ್ದರೆ, ಅದನ್ನು ತೆಗೆದ ದಿನವೇ ಮೆನು ದರ ಏರಿಸಿ ಆ ಹೆಚ್ಚಳವನ್ನು ಸಂಬಳಕ್ಕೆ ಸೇರಿಸಿ. ಹಾಗೆ ಮಾಡದೆ ಸುಮ್ಮನೆ ತೆಗೆದರೆ ಗಿರಾಕಿಯ ಹಕ್ಕಿನ ಬೆಲೆಯನ್ನು ವೇಟರ್ ತೆತ್ತಂತಾಗುತ್ತದೆ.

ನೌಕರರಿಗೆ: ಆದಾಯ ತೆರಿಗೆಯ ಲೆಕ್ಕ

ಐಟಿಸಿ ಹೋಟೆಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಏಪ್ರಿಲ್ 26ರಂದು ಕೊಟ್ಟ ತೀರ್ಪೇ ಇವತ್ತಿನ ಆಧಾರ. ಗಿರಾಕಿ ಕಾರ್ಡಿನಲ್ಲಿ ಕೊಟ್ಟ ಟಿಪ್ಸನ್ನು ಹೋಟೆಲ್ ಪಡೆದು ನೌಕರರಿಗೆ ಹಂಚಿದರೆ ಅದು ಸಂಬಳವಲ್ಲ. ಹೋಟೆಲ್ ಅದರ ಮೇಲೆ ಟಿಡಿಎಸ್ (ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿಯಬೇಕಾಗಿಲ್ಲ. ನೌಕರನ ಕೈಯಲ್ಲಿ ಅದು ‘ಇತರ ಮೂಲಗಳ ಆದಾಯ’. ಅಂದರೆ ತೆರಿಗೆ ವ್ಯಾಪ್ತಿಯೊಳಗೇ ಇದೆ, ಲೆಕ್ಕ ಒಪ್ಪಿಸುವ ಜವಾಬ್ದಾರಿ ಪಡೆದವನದು. ಇಲ್ಲಿ ಎರಡು ತಪ್ಪು ತಿಳಿವಳಿಕೆ ಬಹಳ. ನಗದು ಟಿಪ್ಸಿಗೆ ತೆರಿಗೆ ಇಲ್ಲ ಎಂಬುದು ಒಂದು. ನಗದು, ಕಾರ್ಡ್, ಯುಪಿಐ ಎಲ್ಲ ಒಂದೇ. ಟಿಪ್ಸ್ ಉಡುಗೊರೆ, 50,000ದವರೆಗೆ ಮಾಫಿ ಎಂಬುದು ಇನ್ನೊಂದು. ಮಾಡಿದ ಸೇವೆಗಾಗಿ ಸಿಕ್ಕಿದ್ದು ಉಡುಗೊರೆಯ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಹೆದರುವ ಮುಂಚೆ ಕೂಡಿಸಿ ನೋಡಿ. ತಿಂಗಳಿಗೆ 18,000 ಸಂಬಳದ ವೇಟರ್: ವರ್ಷಕ್ಕೆ 2,16,000. ದಿನಕ್ಕೆ 300 ಟಿಪ್ಸ್, ತಿಂಗಳಿಗೆ 26 ದಿನ: ವರ್ಷಕ್ಕೆ 93,600. ಒಟ್ಟು 3,09,600. ಸಂಬಳದಾರರಿಗೆ ಸಿಗುವ 75,000 ಸ್ಟಾಂಡರ್ಡ್ ಡಿಡಕ್ಷನ್ ಕಳೆದರೆ 2,34,600. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಇವರಿಗೆ ತೆರಿಗೆ ಸೊನ್ನೆ, ಬೇರೆ ಆದಾಯವಿಲ್ಲದಿದ್ದರೆ ರಿಟರ್ನ್ ಸಲ್ಲಿಸುವ ಕಡ್ಡಾಯವೂ ಸಾಮಾನ್ಯವಾಗಿ ಇಲ್ಲ.

ಈಗ ವೇಟರುಗಳ ಮೇಲ್ವಿಚಾರಕ ಕ್ಯಾಪ್ಟನ್: ಸಂಬಳ 35,000, ವರ್ಷಕ್ಕೆ 4,20,000. ದಿನಕ್ಕೆ 700 ಟಿಪ್ಸ್, ವರ್ಷಕ್ಕೆ 2,18,400. ಒಟ್ಟು 6,38,400, 75,000 ಕಳೆದು 5,63,400. ನಾಲ್ಕು ಲಕ್ಷದ ಮೇಲಿನ 1,63,400ಕ್ಕೆ ಶೇ. 5ರಂತೆ 8,170 ತೆರಿಗೆ. ಆದಾಯ 12 ಲಕ್ಷದೊಳಗಿದ್ದರೆ 60,000ದವರೆಗಿನ ತೆರಿಗೆಗೆ ರಿಬೇಟ್ (ತೆರಿಗೆಯಲ್ಲೇ ಮಾಫಿ) ಇರುವುದರಿಂದ ಕಟ್ಟಬೇಕಾದ್ದು ಸೊನ್ನೆ. ಆದರೆ ಇವರು ರಿಟರ್ನ್ ಸಲ್ಲಿಸಲೇಬೇಕು. ಎಡವುವುದು ಇಲ್ಲೇ. ತೆರಿಗೆ ಇಲ್ಲವೆಂದು ಜುಲೈ 31ರ ಗಡುವು ದಾಟಿಸಿದರೆ, ಆದಾಯ 5 ಲಕ್ಷಕ್ಕಿಂತ ಮೇಲಿರುವುದರಿಂದ 5,000 ರೂಪಾಯಿ ತಡಶುಲ್ಕ ಬೀಳುತ್ತದೆ. ಐದು ಲಕ್ಷದೊಳಗಾದರೆ ಸಾವಿರ.

ಇನ್ನೊಂದು ಗುಂಡಿ ಹಳೆ ಪದ್ಧತಿ. ಗೊತ್ತಿಲ್ಲದೆ ಹಳೆಯದನ್ನು ಆರಿಸಿದರೆ ಸ್ಟಾಂಡರ್ಡ್ ಡಿಡಕ್ಷನ್ 50,000ಕ್ಕೆ ಇಳಿಯುತ್ತದೆ, ರಿಬೇಟ್ 5 ಲಕ್ಷಕ್ಕೇ ನಿಲ್ಲುತ್ತದೆ. ಅದೇ ಕ್ಯಾಪ್ಟನಿಗೆ, ಎಲ್‌ಐಸಿ, ಪಿಎಫ್ ಮುಂತಾದ ಯಾವ ವಿನಾಯಿತಿಯೂ ಇಲ್ಲದಿದ್ದರೆ, ಸೆಸ್ ಸೇರಿ ಸುಮಾರು 31,390 ತೆರಿಗೆ ಬರುತ್ತದೆ. ಹೊಸ ಪದ್ಧತಿ ತಾನಾಗಿಯೇ ಆಯ್ಕೆಯಾಗಿರುತ್ತದೆ, ಅದನ್ನು ಕದಲಿಸಬೇಡಿ.

ಸಲ್ಲಿಸುವ ಕ್ರಮ: ಧಣಿಯಿಂದ ಫಾರ್ಮ್ 16 (ವರ್ಷದ ಸಂಬಳದ ಪ್ರಮಾಣಪತ್ರ) ಪಡೆಯಿರಿ, ಅದರಲ್ಲಿ ಸಂಬಳ ಮಾತ್ರ ಇರಬೇಕು. ಐಟಿಆರ್-1 ಎಂಬ ರಿಟರ್ನ್ ಫಾರ್ಮಿನಲ್ಲಿ ಸಂಬಳದ ಕೆಳಗೆ ಅದನ್ನು ಹಾಕಿ. ಟಿಪ್ಸಿನ ವಾರ್ಷಿಕ ಮೊತ್ತವನ್ನು ‘ಇತರ ಮೂಲ’ದ ಜಾಗದಲ್ಲಿ, ಬ್ಯಾಂಕ್ ಬಡ್ಡಿಯ ಜೊತೆ ಬೆರೆಸದೆ, ಬೇರೆ ಸಾಲಿನಲ್ಲಿ ಬರೆಯಿರಿ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸಂಬಳ ಬೇರೆ, ಇತರ ಮೂಲ ಬೇರೆ ಎಂಬ ವಿಂಗಡಣೆ ಅದರಲ್ಲೂ ಹಾಗೇ ಇದೆ.

ಇದಕ್ಕೆಲ್ಲ ಬೇಕಾದ್ದು ದಿನಕ್ಕೊಂದು ಸಾಲು: ತಾರೀಖು, ನಗದು ಎಷ್ಟು, ಯುಪಿಐ ಎಷ್ಟು, ಎಲ್ಲರ ಟಿಪ್ಸ್ ಕೂಡಿಡುವ ಡಬ್ಬಿಯಿಂದ ಬಂದ ಪಾಲು ಎಷ್ಟು. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರುಗಳು ಈ ಊರಿನಲ್ಲಿ ಆಗಿಹೋಗಿವೆ, ನೋಟ್‌ಬುಕ್ಕು ನಮ್ಮವರಿಗೆ ಹೊಸತಲ್ಲ. ಊರಿನಲ್ಲಿ ಮನೆ ಕಟ್ಟಲು ಸಾಲ ಕೇಳುವಾಗ ಬ್ಯಾಂಕಿನವರು ಮೊದಲು ಕೇಳುವುದು ಐಟಿಆರ್. ಅದರಲ್ಲಿ ಕಾಣದ ಟಿಪ್ಸನ್ನು ‘ನನಗೆ ಇಷ್ಟು ಬರುತ್ತದೆ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲದ ತೆರಿಗೆಗೆ ಹೆದರಿ ಇರುವ ಆದಾಯವನ್ನು ಮುಚ್ಚಿಟ್ಟವರು ಸಾಲ ಕೇಳುವ ದಿನ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಧಣಿಗಳಿಗೆ: ಗಲ್ಲಾದೊಳಗೆ ಬೆರೆಸಬೇಡಿ

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಅಲ್ಲಿಂದ ಹೋಟೆಲಿನವರು ಕಲಿಯಬೇಕಾದ್ದು ಒಂದೇ: ಹೋಟೆಲಿನ ಕ್ಯೂಆರ್‌ಗೆ ಬಿದ್ದ ಪ್ರತಿ ರೂಪಾಯಿಯೂ ಹೊರಗಿನಿಂದ ನೋಡುವವರಿಗೆ ಮಾರಾಟವಾಗಿ ಕಾಣುತ್ತದೆ. ‘500 ಹಾಕಿದ್ದೇನೆ, 35 ಹುಡುಗನಿಗೆ ಕೊಡಿ’ ಎಂದು ಗಿರಾಕಿ ಹೇಳಿ ಹೋದರೆ, ಆ 35ಕ್ಕೆ ಕಾಗದ ಇಲ್ಲದಿದ್ದರೆ ಅದು ನಿಮ್ಮ ವಹಿವಾಟು.

ಹಾಗಾಗಿ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ‘ಟಿಪ್ಸ್’ ಎಂದು ಮಾರಾಟಕ್ಕೆ ಸೇರದ ಒಂದು ತಲೆಬರಹ ತೆರೆಯಿಸಿ, ಜಿಎಸ್‌ಟಿ ಸೊನ್ನೆ ಇರಲಿ. ಕಾರ್ಡ್ ಮೆಶಿನ್‌ನಲ್ಲಿ ಟಿಪ್ಸ್ ಆಯ್ಕೆ ಇದ್ದರೆ ಬ್ಯಾಂಕಿಗೆ ಹೇಳಿ ಚಾಲೂ ಮಾಡಿಸಿ. ಮೊತ್ತದ ಜಾಗ ಖಾಲಿ ಇರಲಿ, ಮೊದಲೇ ಶೇ. 10 ತುಂಬಿಟ್ಟರೆ ಸರ್ವಿಸ್ ಚಾರ್ಜನ್ನೇ ಬೇರೆ ಹೆಸರಿನಲ್ಲಿ ಹಾಕಿದಂತಾಗುತ್ತದೆ. ಲೆಕ್ಕಪುಸ್ತಕದಲ್ಲಿ ‘ನೌಕರರಿಗೆ ಕೊಡಬೇಕಾದ ಟಿಪ್ಸ್’ ಎಂಬ ಬಾಕಿ ಖಾತೆ ಮಾಡಿ. ಬಂದದ್ದು ಅಲ್ಲಿ ಜಮೆ, ಹಂಚಿದ್ದು ಅಲ್ಲಿ ಖರ್ಚು. ಪ್ರತಿ ವಾರ ಹಂಚಿದ ಮೇಲೆ ಆ ಖಾತೆ ಸೊನ್ನೆಗೆ ಬರಬೇಕು. ಸೊನ್ನೆಯಾಗದೆ ತಿಂಗಳುಗಟ್ಟಲೆ ಉಳಿದರೆ ‘ಇದು ಹೋಟೆಲಿನದೇ ಆದಾಯ’ ಎಂಬ ಪ್ರಶ್ನೆಗೆ ನೀವೇ ಬಾಗಿಲು ತೆರೆದಂತೆ. ಹಂಚಿಕೆಯ ವಹಿಯಲ್ಲಿ ಪ್ರತಿಯೊಬ್ಬರ ಸಹಿ ಇರಲಿ. ಕಾರ್ಡಿಗೆ ಬ್ಯಾಂಕು ಕಡಿಯುವ ಕಮಿಷನ್ ಹೋಟೆಲೇ ಹೊರಲಿ; 126ರಲ್ಲಿ ಎರಡು ಮೂರು ರೂಪಾಯಿಗಾಗಿ ನೌಕರರ ವಿಶ್ವಾಸ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ದೊಡ್ಡ ತಪ್ಪು ಎಂದರೆ ಟಿಪ್ಸನ್ನು ಸಂಬಳದ ಚೀಟಿಯಲ್ಲಿ ‘ಭತ್ಯೆ’ ಎಂದು ತೋರಿಸುವುದು, ಇಲ್ಲವೇ ‘ಟಿಪ್ಸ್ ಬದಲಿಗೆ ತಿಂಗಳಿಗೆ 2,000 ಖಾತ್ರಿ’ ಎಂದು ಮಾತು ಕೊಡುವುದು. ಧಣಿ ಖಾತ್ರಿ ಕೊಟ್ಟ ಮೇಲೆ ಅದು ಗಿರಾಕಿಯ ಇಚ್ಛೆಯಾಗಿ ಉಳಿಯುವುದಿಲ್ಲ, ಸಂಬಳವಾಗುತ್ತದೆ. ಆಗ ಟಿಡಿಎಸ್ ಲೆಕ್ಕಕ್ಕೂ ಬರುತ್ತದೆ, ಇಎಸ್‌ಐಗೂ (ನೌಕರರ ವಿಮೆ: ನೌಕರನಿಂದ ಶೇ. 0.75, ಧಣಿಯಿಂದ ಶೇ. 3.25) ಬರುತ್ತದೆ, ಪಿಎಫ್ ಪ್ರಶ್ನೆಯೂ ಏಳುತ್ತದೆ. ಟಿಪ್ಸ್ ಧಣಿಯ ಕಿಸೆಯಿಂದ ಬಂದದ್ದಲ್ಲ, ಆದ್ದರಿಂದ ಬೋನಸ್ ಲೆಕ್ಕದಲ್ಲಿ ಅದು ವೇತನವಲ್ಲ ಎಂದು ಸುಪ್ರೀಂ ಕೋರ್ಟ್ ರಾಂಬಾಗ್ ಪ್ಯಾಲೇಸ್ ಪ್ರಕರಣದಲ್ಲಿ 1976ರಲ್ಲೇ ಹೇಳಿದೆ. ಅದೇ ತರ್ಕ ಇನ್ನೊಂದು ಕಡೆಯಿಂದಲೂ ಅನ್ವಯಿಸುತ್ತದೆ: ವೇತನವಲ್ಲದ ಟಿಪ್ಸನ್ನು ತೋರಿಸಿ ಕನಿಷ್ಠ ವೇತನ ತುಂಬಿಸಿದೆ ಎನ್ನುವಂತಿಲ್ಲ.

ಡಬ್ಬಿ ಹಂಚುವಾಗ ಅಂಕದ ಕ್ರಮ ಜಗಳ ತಪ್ಪಿಸುತ್ತದೆ. ಒಂದು ವಾರದ ಡಬ್ಬಿ 8,400 ಎನ್ನಿ. ಆರು ವೇಟರುಗಳಿಗೆ ತಲಾ 4 ಅಂಕ, ಕ್ಯಾಪ್ಟನ್ ಒಬ್ಬರಿಗೆ 4, ನಾಲ್ವರು ಕ್ಲೀನರುಗಳಿಗೆ ತಲಾ 2, ಅಡುಗೆಮನೆಯ ಆರು ಜನಕ್ಕೆ ತಲಾ 1. ಒಟ್ಟು 42 ಅಂಕ, ಅಂಕಕ್ಕೆ 200 ರೂಪಾಯಿ. ವೇಟರಿಗೆ 800, ಕ್ಲೀನರಿಗೆ 400, ಅಡುಗೆಯವರಿಗೆ 200. ರಜೆ ಹಾಕಿದವರ ಅಂಕವನ್ನು ಬಂದ ದಿನಗಳಿಗೆ ತಕ್ಕಂತೆ ಇಳಿಸಿ: ಆರರಲ್ಲಿ ಮೂರು ದಿನ ಬಂದ ವೇಟರಿಗೆ 2 ಅಂಕ. ಕ್ಯಾಪ್ಟನಿಗೆ ವೇಟರಿಗಿಂತ ಹೆಚ್ಚು ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ, ಮೇಜಿನ ಬಳಿ ನಿಂತದ್ದು ವೇಟರ್. ಧಣಿಗೆ, ಮ್ಯಾನೇಜರಿಗೆ ಸೊನ್ನೆ. ಡಬ್ಬಿ ಎಣಿಸುವಾಗ ಇಬ್ಬರು ವೇಟರುಗಳು ಎದುರಿಗಿರಲಿ, ಮೊತ್ತವನ್ನು ಅಲ್ಲೇ ಗೋಡೆಯ ಹಲಗೆಯ ಮೇಲೆ ಬರೆಯಿರಿ.

ವೇಟರನ ಸ್ವಂತ ಕ್ಯೂಆರನ್ನು ಅವನ ಬಿಲ್ಲೆಯಲ್ಲಿ (ಬ್ಯಾಡ್ಜಿನಲ್ಲಿ) ಹಾಕಿಸುವ ಹೋಟೆಲುಗಳೂ ಇವೆ. ಹಣ ನೇರ ಅವನ ಖಾತೆಗೆ ಹೋಗುವುದರಿಂದ ಹೋಟೆಲಿನ ಲೆಕ್ಕಕ್ಕೆ ಸೋಂಕಿಲ್ಲ. ತೊಂದರೆ ಎರಡು. ಬಿಲ್ಲಿನ ಹಣವೂ ತಪ್ಪಿ ಅಲ್ಲಿಗೇ ಹೋಗಬಹುದು. ಬಿಲ್ಲಿಗೆ ಮೊತ್ತ ಮೊದಲೇ ತುಂಬಿಬರುವ, ಮೆಶಿನ್ ತೋರಿಸುವ ಕ್ಯೂಆರ್ ಮಾತ್ರ ಬಳಸಿ, ಬಿಲ್ಲೆಯ ಮೇಲೆ ‘ಟಿಪ್ಸ್ ಮಾತ್ರ’ ಎಂದು ದೊಡ್ಡದಾಗಿ ಬರೆಯಿಸಿ. ಎರಡನೆಯದು, ಫೋನ್ ನಂಬರೇ ಯುಪಿಐ ಐಡಿಯಾಗಿದ್ದರೆ ಅದು ಅಪರಿಚಿತರ ಕೈಗೆ ಹೋಗುತ್ತದೆ. ಹೆಣ್ಣುಮಕ್ಕಳು ಕೆಲಸ ಮಾಡುವಲ್ಲಿ ನಂಬರ್ ಇಲ್ಲದ ಐಡಿ ಮಾಡಿಸದೆ ಕ್ಯೂಆರ್ ಹಚ್ಚಲೇಬೇಡಿ.

ಟಿಪ್ಸಿಗೆ ತೆರಿಗೆ ಮಾಫಿ ಬಂದರೆ?

ಅಮೆರಿಕದಲ್ಲಿ 2025ರ ಜುಲೈ 4ರಂದು ಸಹಿಯಾದ ಕಾಯ್ದೆಯ ಪ್ರಕಾರ 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರ್ ತನಕದ ಟಿಪ್ಸನ್ನು ಫೆಡರಲ್ ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಬಹುದು. ಆದಾಯ 1,50,000 ಡಾಲರ್ ದಾಟಿದರೆ ಈ ಸೌಲಭ್ಯ ಕರಗುತ್ತಾ ಹೋಗುತ್ತದೆ. ಸೋಶಿಯಲ್ ಸೆಕ್ಯುರಿಟಿ ಕಡಿತ ಮೊದಲಿನಂತೆಯೇ. ಬಿಲ್ಲಿಗೆ ಕಡ್ಡಾಯವಾಗಿ ಸೇರಿಸಿದ ಸರ್ವಿಸ್ ಚಾರ್ಜಿಗೆ ವಿನಾಯಿತಿ ಇಲ್ಲ, ಸ್ವಇಚ್ಛೆಯ ಟಿಪ್ಸಿಗೆ ಮಾತ್ರ. ಹೀಗಾದಾಗ ಕಡ್ಡಾಯ ಚಾರ್ಜ್ ಬಿಟ್ಟು ‘ಟಿಪ್ಸ್ ಎಷ್ಟು?’ ಎಂದು ಪರದೆಯ ಮೇಲೆ ಕೇಳುವ ಕಡೆಗೆ ಹೋಟೆಲುಗಳು ವಾಲುವುದು ಸಹಜ. ‘ಇವರಿಗೆ ತೆರಿಗೆ ಇಲ್ಲವಲ್ಲ’ ಎಂದು ಗಿರಾಕಿ ಕೈ ಬಿಗಿ ಮಾಡುವ ಸಾಧ್ಯತೆಯೂ ಇದೆ. ಮೊದಲೇ ಆದಾಯ ತೆರಿಗೆ ಕಟ್ಟದಷ್ಟು ಕಡಿಮೆ ದುಡಿಯುವವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಅದನ್ನೇ ಇಲ್ಲಿಗೆ ತಂದು ನೋಡಿ. ಮೇಲಿನ ಲೆಕ್ಕದ ವೇಟರಿಗೂ ಕ್ಯಾಪ್ಟನಿಗೂ ಲಾಭ ಸೊನ್ನೆ, ಅವರ ತೆರಿಗೆ ಈಗಲೇ ಸೊನ್ನೆ. ಲಾಭ 12 ಲಕ್ಷ ದಾಟಿದವರಿಗೆ. ಜೊತೆಗೆ ಒಂದು ಅಪಾಯವಿದೆ: ಸಂಬಳದ ಒಂದು ಭಾಗವನ್ನು ‘ಟಿಪ್ಸ್’ ಎಂದು ಹೆಸರು ಬದಲಿಸುವ ಆಸೆ ಹುಟ್ಟುತ್ತದೆ. 18,000 ಸಂಬಳವನ್ನು 13,000 ಸಂಬಳ, 5,000 ಟಿಪ್ಸ್ ಎಂದು ಮಾಡಿದರೆ ನೌಕರನ ಕೈಗೆ ಬರುವ ಹಣ ಅಷ್ಟೇ ಕಾಣುತ್ತದೆ, ಪಿಎಫ್ ಮಾತ್ರ ಇಳಿಯುತ್ತದೆ. 15,000 ಮಿತಿಯ ಮೇಲೆ ಧಣಿಯ ಪಾಲು ಶೇ. 12, ಅಂದರೆ 1,800, 13,000ಕ್ಕೆ 1,560. ತಿಂಗಳಿಗೆ 240, ವರ್ಷಕ್ಕೆ 2,880, ನೌಕರನ ಪಾಲೂ ಅಷ್ಟೇ ಕಡಿಮೆ. ಇಪ್ಪತ್ತು ವರ್ಷ ದುಡಿದು ಊರಿಗೆ ಹಿಂದಿರುಗುವವರ ಪಾಲಿಗೆ ಇದು ಸಣ್ಣ ಮೊತ್ತವಲ್ಲ. ಇಂಥ ಕಾಗದಕ್ಕೆ ಸಹಿ ಹಾಕಬೇಡಿ.

ಬ್ರಿಟನ್ನಿನವರು ಬೇರೆ ದಾರಿ ಹಿಡಿದಿದ್ದಾರೆ. 2024ರ ಅಕ್ಟೋಬರ್ 1ರಿಂದ ಅಲ್ಲಿ ಟಿಪ್ಸನ್ನು ಪೂರ್ತಿಯಾಗಿ ನೌಕರರಿಗೇ, ಮುಂದಿನ ತಿಂಗಳ ಕೊನೆಯೊಳಗೆ, ಹಂಚುವುದು ಧಣಿಯ ಕಾನೂನುಬದ್ಧ ಹೊಣೆ. ನಮ್ಮ ಹೋಟೆಲುಗಳಿಗೆ ತೆರಿಗೆ ಮಾಫಿಗಿಂತ ಇಂಥ ನಿಯಮವೇ ಹೆಚ್ಚು ಉಪಯೋಗಕ್ಕೆ ಬಂದೀತು.

ಗಿರಾಕಿಗೆ ಉಳಿದ ಕೆಲಸ ಇಷ್ಟೇ. ಬಿಲ್ಲನ್ನು ಯುಪಿಐಯಲ್ಲಿ ಕಟ್ಟುವವರು ಪರ್ಸಿನಲ್ಲಿ ನಾಲ್ಕೈದು ಇಪ್ಪತ್ತರ ನೋಟು ಇಟ್ಟುಕೊಂಡಿರಿ. ಕಾರ್ಡಿನಲ್ಲೇ ಟಿಪ್ಸ್ ಸೇರಿಸುವುದಾದರೆ ಬಟನ್ ಒತ್ತುವ ಮುಂಚೆ ವೇಟರನ್ನು ಮೆಲ್ಲನೆ ಕೇಳಿ: ‘ಅಣ್ಣ, ಇದು ನಿಮಗೇ ಸಿಗ್ತದಾ?’ ಹೌದು ಎಂದರೆ ಒತ್ತಿ. ಉತ್ತರ ಕೊಡುವ ಮುಂಚೆ ಅವರ ಕಣ್ಣು ಗಲ್ಲಾದ ಕಡೆ ಹೋದರೆ, ಮೆಶಿನ್‌ನಲ್ಲಿ ಬಿಲ್ಲಿನ ಮೊತ್ತ ಮಾತ್ರ ಕಟ್ಟಿ, ನೋಟನ್ನು ಅವರ ಕೈಗೇ ಕೊಡಿ.